ಹಸಿರು ದಾರದ ಎಂಟು ಲಡಿ

ಕುದಿಯುವ ನೀರಿನಲ್ಲಿ ಬೆರಳು ಅದ್ದಿದವನು ಚೀರಲಿಲ್ಲ. ಪಕ್ಕದಲ್ಲಿ ಕಂಡ ತಣ್ಣೀರಿನ ಬಟ್ಟಲಿಗೆ ಕೈ ತೂರಿಸಿಬಿಟ್ಟ, ಅಷ್ಟೇ.

ಆದರೆ ಆ ಬಟ್ಟಲಿನಲ್ಲಿ ಆಗಲೇ ಇನ್ನೊಂದು ಕೈ ಇತ್ತು.

ಜಾಹಿದಾ ಬೆಚ್ಚಿ ಕೈ ಎಳೆದುಕೊಂಡಳು. ಬಟ್ಟಲು ಮಗುಚಿ, ನೀರೆಲ್ಲ ಅವಳ ಸೀರೆಯ ನೆರಿಗೆಯ ಮೇಲೆ ಚೆಲ್ಲಿತು. ಎದೆ ಯಾಕೋ ಢವಢವ ಅನ್ನುತ್ತಿತ್ತು. ಕೋಪಕ್ಕೆ ಇರಬೇಕು... ಮತ್ತೇನಕ್ಕೆ?

"ಕಣ್ಣು ಕಾಣಲ್ವಾ ನಿಮಗೆ?"

"ಕಾಣುತ್ತೆ. ಬೆರಳು ಉರೀತಿತ್ತು, ಕಣ್ಣನ್ನ ಕೇಳಲಿಲ್ಲ," ಅಂದ ಅವನು.

ಸಾಲಿನ ಕೊನೆಯಲ್ಲಿದ್ದ ಪಾಪಮ್ಮ ಕಿಸಕ್ಕನೆ ನಕ್ಕಳು. ಜಾಹಿದಾಗೆ ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅದು ಬೆಂಗಳೂರಿನ ಹತ್ತಿರದ ವಿಜಯಪುರದಲ್ಲಿ ಅಪ್ಪಯ್ಯಣ್ಣನವರ ರೇಷ್ಮೆ ಶೆಡ್ಡು. ಎರಡನೆಯ ಮಹಾಯುದ್ಧದ ನಾಲ್ಕನೆಯ ವರ್ಷ. ಗೂಡು ಬೇಯಿಸಿ, ಎಂಟು ಗೂಡಿನ ಎಳೆಗಳನ್ನು ಒಂದಾಗಿಸಿ ನೂಲು ಬಿಚ್ಚುವ ಕೆಲಸ. ಆ ನೂಲು ಬೆಂಗಳೂರಿಗೆ ಹೋಗಿ, ಅಲ್ಲಿಂದ ಎಲ್ಲಿಗೋ ಹೋಗಿ, ವಿಮಾನದಿಂದ ಹಾರುವ ಸಿಪಾಯಿಗಳ ಕೊಡೆ ಆಗುತ್ತದಂತೆ. "ನಮ್ಮ ಎಳೆ ಹರಿದ್ರೆ ಯಾವನೋ ಬಡಪಾಯಿ ದೊಪ್ಪಂತ ಬೀಳ್ತಾನೆ," ಎಂದು ಪಾಪಮ್ಮ ದಿನಕ್ಕೊಮ್ಮೆ ಹೆದರಿಸುತ್ತಿದ್ದಳು.

ಕೈ ಸುಟ್ಟುಕೊಂಡವನ ಹೆಸರು ನೂರ್ ಅಹಮದ್. ಹೊಸಕೋಟೆಯವನು. ಅಪ್ಪಯ್ಯಣ್ಣ ಅವನನ್ನು ಜಾಹಿದಾಳ ಪಕ್ಕದ ಒಲೆಗೆ ಕೂರಿಸಿ, "ಇವನಿಗೆ ಕಲಿಸಮ್ಮಾ. ನಿನ್ನ ಕೈ ನಮ್ಮ ಶೆಡ್ಡಿಗೇ ಒಳ್ಳೇ ಕೈ," ಎಂದು ಹೇಳಿ ಹೋಗಿದ್ದರು.

ಒಳ್ಳೇ ಕೈ! ಆರು ವರ್ಷದಲ್ಲಿ ಆ ಮಾತು ಎಷ್ಟು ಸಲ ಕೇಳಿದ್ದಳೋ. ಕೇಳಿದಾಗಲೆಲ್ಲ ಹೊಟ್ಟೆ ತುಂಬಿದಂತೆ ಆಗುತ್ತಿತ್ತು.

ಶೆಡ್ಡಿನಲ್ಲಿ ಒಂದು ಪದ್ಧತಿ. ಪ್ರತಿಯೊಬ್ಬರಿಗೂ ಒಂದು ಬಣ್ಣದ ದಾರ. ನೂಲು ಸುತ್ತಿದ ಒಂದು ಲಡಿ ಮುಗಿದ ಮೇಲೆ ಅದಕ್ಕೆ ತಮ್ಮ ಬಣ್ಣದ ದಾರ ಕಟ್ಟಿ ಬುಟ್ಟಿಗೆ ಹಾಕಬೇಕು. ಯಾವ ಲಡಿ ಯಾರದು ಅಂತ ತಿಳಿಯಲು ಅಷ್ಟೇ ಗುರುತು. ಬಣ್ಣಬಣ್ಣದ ಉಂಡೆಗಳು ಗೋಡೆಯ ಗೂಟಗಳಲ್ಲಿ ತೂಗುತ್ತಿದ್ದವು. ಮೊದಲ ಗೂಟದ ಹಸಿರು ದಾರ ಜಾಹಿದಾಳದು. ಅವಳಿಗಿಂತ ಮೊದಲು ಅದು ಅವಳ ಅಮ್ಮಿ ಬಶೀರುನ್ನೀಸಾಳದಾಗಿತ್ತು. ಹಬೆಗೆ ಅಮ್ಮಿಯ ಕಣ್ಣು ಮಂಜಾದ ಮೇಲೆ ಮಗಳು ಆ ಒಲೆಗೆ ಬಂದು ಕೂತಳು.

ನೂರ್‌ಗೆ ಸಿಕ್ಕಿದ್ದು ಕೊನೆಯ ಗೂಟದ ಕೆಂಪು. ಕಲಿಯುವವರ ಲಡಿ ಕೊಡೆಗೆ ಹೋಗುತ್ತಿರಲಿಲ್ಲ, ಬೇರೆ ಕಟ್ಟಿ ನೇಕಾರರಿಗೆ ಮಾರುತ್ತಿದ್ದರು.

"ಒಂದು ಗೂಡು ಖಾಲಿಯಾಗೋ ಮುಂಚೆ ಇನ್ನೊಂದರ ಎಳೆ ಹಚ್ಚಬೇಕು," ಅಂತ ಜಾಹಿದಾ ಕಲಿಸಿದಳು. "ತಡ ಮಾಡಿದ್ರೆ ನೂಲು ಸಪೂರ ಆಗುತ್ತೆ. ಆಮೇಲೆ ಗಾಬರೀಲಿ ಎರಡು ಹಚ್ತೀರ, ದಪ್ಪ ಆಗುತ್ತೆ."

"ಖಾಲಿಯಾಗುತ್ತೆ ಅಂತ ಮುಂಚೆನೇ ಹೇಗೆ ಗೊತ್ತಾಗುತ್ತೆ ಉಸ್ತಾದ್?"

"ಬೆರಳಿಗೆ ಗೊತ್ತಾಗುತ್ತೆ. ಮತ್ತೆ, ಉಸ್ತಾದ್ ಅನ್ನಬೇಡಿ."

"ಸರಿ ಉಸ್ತಾದ್."

ಇವನ ಜೊತೆ ಏಗುವುದು ಹೇಗಪ್ಪಾ ಅಂದುಕೊಂಡಳು. ಆದರೂ ಮರುದಿನ ಮನೆಯಿಂದ ಇನ್ನೊಂದು ಬಟ್ಟಲು ತಂದು, ತಣ್ಣೀರು ತುಂಬಿಸಿ ಅವನ ಒಲೆಯ ಹತ್ತಿರ ಇಟ್ಟಳು. ಯಾಕೆ ತಂದೆ ಅಂತ ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು.

* * *

ಶನಿವಾರ ಬಟವಾಡೆ. ಕೂಲಿ ಕೈಗೆ ಬಂದ ಕೂಡಲೇ ನೂರ್ ನೇರವಾಗಿ ಜಾಹಿದಾಳ ಮುಂದೆ ಬಂದು ನಿಂತ. ಕಸುಬು ಕಲಿಯುವವರಲ್ಲಿ ಒಂದು ರಿವಾಜು ಉಂಟು. ಮೊದಲ ಕೂಲಿಯನ್ನು ಉಸ್ತಾದರ ಕೈಗೆ ಇಡಬೇಕು. ಉಸ್ತಾದರು ಅದರಲ್ಲಿ ಒಂದೇ ಒಂದು ಕಾಸು ಎತ್ತಿಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತಾರೆ. ಆ ಒಂದು ಕಾಸು ತೆಗೆದುಕೊಂಡರೆ ಶಿಷ್ಯನೆಂದು ಒಪ್ಪಿದಂತೆ.

"ಮುಟ್ಟಿ ಕೊಡಿ," ಅಂದ. ಕಣ್ಣು ಹೊಳೆಯುತ್ತಿತ್ತು.

ಜಾಹಿದಾ ಸೆರಗಿನಲ್ಲಿ ಕೈ ಒರೆಸಿಕೊಂಡು ಅಂಗೈ ಚಾಚಿದಳು. ಮೂರು ರೂಪಾಯಿ ಮೂರಾಣೆ.

ಅವಳ ಸೆರಗಿನ ತುದಿಯ ಗಂಟಿನಲ್ಲಿ ಅವಳ ಕೂಲಿ ಇತ್ತು. ಮೂರು ರೂಪಾಯಿ ಆರಾಣೆ.

ಮತ್ತೊಮ್ಮೆ ನೋಡಿದಳು. ತಪ್ಪಿರಬೇಕು... ಇಲ್ಲ. ದಿನಕ್ಕೆ ಇವನಿಗೆ ಎಂಟೂವರೆ ಆಣೆ. ತನಗೆ ಒಂಬತ್ತು. ತಾನು ಸೇರಿದಾಗ ಮೂರಾಣೆ ಇತ್ತು. ಬೆರಳು ಬೆಂದು, ಸಿಪ್ಪೆ ಎದ್ದು, ಮತ್ತೆ ಬೆಂದು, ಆರು ವರ್ಷಕ್ಕೆ ಒಂಬತ್ತು ಮುಟ್ಟಿದ್ದಳು. ಸೋಮವಾರ ಬಂದು ಬೆರಳು ಸುಟ್ಟುಕೊಂಡವನಿಗೆ ಎಂಟೂವರೆ!

ಆರು ವರ್ಷಕ್ಕೆ ಅರ್ಧಾಣೆ.

ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ಇವನೇನು ಕದ್ದನೇ? ಕೊಟ್ಟದ್ದನ್ನು ತೆಗೆದುಕೊಂಡ. ತನ್ನ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಮತ್ತೆ ಯಾಕೆ ನಿನ್ನೆಗಿಂತ ಇವತ್ತು ತಾನು ಕುಗ್ಗಿಹೋದ ಹಾಗೆ ಅನ್ನಿಸುತ್ತಿದೆ?

ಅವಳು ಪೂರ್ತಿ ಹಣವನ್ನು ಅವನ ಕೈಗೆ ಸುರಿದಳು. ಒಂದು ಕಾಸನ್ನೂ ಎತ್ತಿಕೊಳ್ಳಲಿಲ್ಲ.

"ಉಸ್ತಾದ್... ನಿಮ್ಮ ಪಾಲು?"

"ನನಗೆ ಬೇಡ," ಎಂದು ಹೇಳಿ ಹೊರಟೇಬಿಟ್ಟಳು. ನೂರ್ ಅಂಗೈಯಲ್ಲಿ ಕೂಲಿ ಹಿಡಿದು ಮಂಕಾಗಿ ನಿಂತ. ತಾನು ಏನು ತಪ್ಪು ಮಾಡಿದೆ? ಆ ಪ್ರಶ್ನೆ ಅವನನ್ನು ಎರಡು ದಿನ ಕಾಡಿತು, ಪಾಪಮ್ಮ ಕರುಣೆಯಿಂದ ವಿಷಯ ಬಿಡಿಸಿ ಹೇಳುವವರೆಗೂ.

ಜಾಹಿದಾ ಮಾತ್ರ ಧೈರ್ಯ ಮಾಡಿ ಅಪ್ಪಯ್ಯಣ್ಣನವರನ್ನೇ ಕೇಳಿದಳು. ಅವರು ತಲೆ ಕೆರೆದುಕೊಂಡರು. ಕೆಟ್ಟವರಲ್ಲ, ಲೆಕ್ಕದ ಮನುಷ್ಯ.

"ಏನ್ ಮಾಡ್ಲಮ್ಮಾ? ಯಲಹಂಕದಲ್ಲಿ ಮಿಲಿಟರಿಯೋರು ಮಣ್ಣು ಹೊರೋನಿಗೂ ಹನ್ನೆರಡಾಣೆ ಕೊಡ್ತಾವ್ರೆ. ಎಂಟೂವರೆ ಅನ್ನದೆ ಹೋದ್ರೆ ಹೊಸಬರು ಇತ್ತ ತಿರುಗೂ ನೋಡಲ್ಲ. ಹಳಬರಿಗೂ ಹಂಗೇ ಏರಿಸಿದ್ರೆ ನಾನು ಶೆಡ್ಡು ಮುಚ್ಚಬೇಕು."

"ಹಳಬರು ಎಲ್ಲೂ ಹೋಗಲ್ಲ ಅಂತ ತಾನೇ ಧಣಿ?"

ಅವರು ಬೇರೆ ಕಡೆ ನೋಡಿದರು. "ನೋಡೋಣ," ಅಂದರು.

ಮುಂದಿನ ಶನಿವಾರ ಅವಳ ಕೂಲಿಯಲ್ಲಿ ನಾಲ್ಕಾಣೆ ಹೆಚ್ಚಿಗೆ ಇತ್ತು. ಅದರ ಮುಂದಿನ ವಾರವೂ ನಾಲ್ಕಾಣೆ. ಧಣಿ ಬಾಯಿಬಿಟ್ಟು ಏನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ನನ್ನ ಮಾತು ಕೇಳಿಸಿದೆ ಅವರಿಗೆ! ಮನೆಯ ದಾರಿಯಲ್ಲಿ ಕಾಲು ನೆಲದ ಮೇಲಿರಲಿಲ್ಲ. ಆ ಖುಷಿಯಲ್ಲಿ ನೂರ್ ಮೇಲಿನ ಮುನಿಸೂ ಕರಗಿತು. ಅವನು ನಗಿಸಿದಾಗ ನಕ್ಕಳು. ಅವನು ಬರುವುದು ತಡವಾದ ದಿನ ಬಾಗಿಲ ಕಡೆ ಹತ್ತು ಸಲ ನೋಡಿದಳು. ತನ್ನ ಕೂಲಿಗೂ ಇವನ ನಗುವಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದಳೋ.

* * *

ನಾಲ್ಕು ವಾರದ ಸರಕು ಒಟ್ಟಿಗೆ ಬೆಂಗಳೂರಿಗೆ ಹೋಗಿತ್ತು. ಅಲ್ಲಿ ದಾರ ಪರೀಕ್ಷೆ ಮಾಡುವವರು ಒಂದು ಗಂಟು ವಾಪಸ್ ಕಳಿಸಿದರು. ಪೆಟ್ರೋಲ್ ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಬಂದ ಆ ಗಂಟನ್ನು ಅಪ್ಪಯ್ಯಣ್ಣ ಎಲ್ಲರ ಮುಂದೆ ಬಿಚ್ಚಿದರು.

ಎಂಟು ಲಡಿ. ಎಂಟಕ್ಕೂ ಹಸಿರು ದಾರ.

"ನಿನ್ನ ಐವತ್ತಾರು ಲಡಿಯಲ್ಲಿ ಎಂಟು ಕೆಟ್ಟಿದೆ ಜಾಹಿದಾ. ಒಂದು ಕಡೆ ಸಪೂರ, ಒಂದು ಕಡೆ ದಪ್ಪ. ಕೊಡೆಗೆ ಆಗಲ್ಲ ಅಂತ ಬರೆದವ್ರೆ." ಅವರ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. "ಕೂಲಿ ಸಾಲದು ಅಂತ ಕೈ ಸಡಿಲ ಬಿಟ್ಟೆಯಾ?"

"ಧಣಿ, ನಾನು..."

"ನಾಳೆ ಬೆಳಿಗ್ಗೆ ಹಸಿರು ದಾರ ಗೂಟದಿಂದ ಇಳಿಸ್ತೀನಿ. ಕೊನೇ ಸಾಲಿಗೆ ಹೋಗಿ ಕಲಿಯೋರ ಜೊತೆ ಕೂತ್ಕೊ. ಕೂಲಿನೂ ಅವರ ಕೂಲಿನೇ."

ಅಮ್ಮಿಯ ಹಸಿರು ದಾರ. ಇಪ್ಪತ್ತು ವರ್ಷದಿಂದ ಆ ಗೂಟದಲ್ಲಿದ್ದದ್ದು.

ಜಾಹಿದಾ ಒಂದು ಲಡಿ ಎತ್ತಿಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆಯನ್ನು ಓಡಿಸಿದಳು. ಸಪೂರ... ಸಪೂರ... ತಟ್ಟನೆ ದಪ್ಪ. ಇದು ತನ್ನದಲ್ಲ. ತಡವಾಗಿ ಗೂಡು ಹಚ್ಚಿ, ಗಾಬರಿಯಲ್ಲಿ ಎರಡು ಹಚ್ಚುವ ಕೈ ಈ ಶೆಡ್ಡಿನಲ್ಲಿ ಒಂದೇ. ಆ ಕೈಗೆ ಕಲಿಸಿದವಳು ತಾನೇ.

ತಿರುಗಿ ನೋಡಿದಳು. ನೂರ್ ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ನೀವು ಕಟ್ಟಿದ್ರಾ ಇದಕ್ಕೆ ನನ್ನ ದಾರ?" ಧಣಿ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು. ಇಲ್ಲ ಅನ್ನಲಿ, ದೇವರೇ, ಇಲ್ಲ ಅನ್ನಲಿ.

"ಹೌದು. ನಾನೇ."

"ನಿಮ್ಮ ಕೆಟ್ಟ ಲಡಿಗೆ ನನ್ನ ಹಸಿರು ಕಟ್ಟಿ, ನನ್ನ ಒಳ್ಳೇದಕ್ಕೆ ನಿಮ್ಮ ಕೆಂಪು ಕಟ್ಕೊಂಡ್ರಾ?"

ಅವನು ಸುತ್ತ ನೋಡಿದ. ಇಡೀ ಸಾಲು ಕಿವಿ ನಿಮಿರಿಸಿ ಕೂತಿತ್ತು. ಮದುವೆಯಾಗದ ಹೆಣ್ಣು. ಇವಳಿಗಾಗಿ ಹೀಗೆ ಮಾಡಿದೆ ಅಂತ ಇಷ್ಟು ಜನರ ಎದುರು ಹೇಳಿದರೆ ನಾಳೆ ಊರಲ್ಲಿ ಇವಳ ಗತಿ?

"ಇಲ್ಲಿ ಹೇಳೋಕಾಗಲ್ಲ," ಅಂದ.

"ಕಳ್ಳತನನ ಎಲ್ಲೂ ಹೇಳೋಕಾಗಲ್ಲ ಬಿಡಿ."

ಜಾಹಿದಾ ತಾನು ತಂದಿಟ್ಟ ಬಟ್ಟಲನ್ನು ಅವನ ಒಲೆಯ ಹತ್ತಿರದಿಂದ ಎತ್ತಿಕೊಂಡು ಮನೆಗೆ ನಡೆದಳು.

* * *

ಬಶೀರುನ್ನೀಸಾ ಮಗಳ ಹೆಜ್ಜೆಯ ಸದ್ದಿನಲ್ಲೇ ಏನೋ ಆಗಿದೆ ಅಂತ ತಿಳಿದಳು. ಅಳು ಮುಗಿಯುವವರೆಗೂ ತಲೆ ನೇವರಿಸಿದಳು. ಪೂರ್ತಿ ಕೇಳಿದ ಮೇಲೆ ಒಂದೇ ಪ್ರಶ್ನೆ ಹಾಕಿದಳು.

"ಬೇಟಿ, ಬೀಜ ಹಾಕ್ತಿದ್ದೀಯೋ ಇಲ್ವೋ?"

ಅದು ಅಮ್ಮಿ ಕಲಿಸಿದ ಅಭ್ಯಾಸ. ಒಂದು ಲಡಿ ಮುಗಿದರೆ ಮನೆಗೆ ಬಂದು ಡಬ್ಬಿಗೆ ಒಂದು ಹುಣಸೆಬೀಜ. ಸರಕು ಬೆಂಗಳೂರಿಗೆ ಹೋದ ಮೇಲೆ ಬೀಜ ಎಣಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಡಬ್ಬಿ ಖಾಲಿ ಮಾಡಬೇಕು. ಧಣಿಯ ಪುಸ್ತಕ ಓದಲು ಬಾರದವರ ಪುಸ್ತಕ ಅದು. ಜಾಹಿದಾ ತಪ್ಪದೆ ಹಾಕುತ್ತಿದ್ದಳು. ಆದರೆ ಹೋದ ಸರಕಿನ ಬೀಜವನ್ನು ಈ ಸಲ ಎಣಿಸದೆ ಹಾಗೇ ಕಟ್ಟಿಟ್ಟಿದ್ದಳು. ಕೈತುಂಬ ಕೂಲಿ ಬರುವಾಗ ಬೀಜ ಎಣಿಸುವವರು ಯಾರು?

"ಹಾಕಿದ್ದೀನಿ ಅಮ್ಮಿ. ಅದರಿಂದ ಏನು?"

"ಎಣಿಸು. ಅದಲುಬದಲು ಆಗಿದ್ರೆ ಲೆಕ್ಕ ಸಮ ಇರಬೇಕು."

ಅಮ್ಮಿಯ ಬೆರಳೂ ಮಗಳ ಬೆರಳೂ ಸೇರಿ ಚಾಪೆಯ ಮೇಲೆ ಬೀಜ ಜೋಡಿಸಿದವು. ವಾರಕ್ಕೆ ಹನ್ನೆರಡರಂತೆ ನಾಲ್ಕು ಸಾಲು.

ನಲವತ್ತೆಂಟು.

"ಧಣಿ ಎಷ್ಟು ಅಂದ್ರು?"

"ಐವತ್ತಾರು..."

ಹೇಳುತ್ತಲೇ ಜಾಹಿದಾ ಮತ್ತೆ ಬೀಜದ ಸಾಲುಗಳನ್ನು ನೋಡಿದಳು. ತನ್ನ ಲಡಿಗಳು ಒಂದೂ ಹೋಗಿಲ್ಲ. ನಲವತ್ತೆಂಟೂ ಹಾಗೇ ಇವೆ. ಅದರ ಮೇಲೆ ಎಂಟು ಬಂದು ಸೇರಿವೆ. ವಾರಕ್ಕೆ ಎರಡು. ಹನ್ನೆರಡು ಮೀರಿದರೆ ಲಡಿಗೆ ಎರಡಾಣೆ ಇನಾಮು ಅಂತ ಶೆಡ್ಡಿನ ಕಟ್ಟಳೆ. ಎರಡು ಲಡಿಗೆ...

ನಾಲ್ಕಾಣೆ.

ಧಣಿ ಏರಿಸಿದ್ದಲ್ಲ. ಅವರ ಕಿವಿಗೆ ತನ್ನ ಮಾತು ಬಿದ್ದೇ ಇರಲಿಲ್ಲ. ಕೊನೆಯ ಗೂಟದವನು ತನ್ನ ದುಡಿಮೆಯಲ್ಲಿ ಎರಡೆರಡು ಲಡಿ ತೆಗೆದು ತನಗೆ ಕೊಟ್ಟಿದ್ದ. ಕೊಟ್ಟದ್ದು ಕೆಟ್ಟ ನೂಲು ಅಂತ ಅವನಿಗೇ ತಿಳಿದಿರಲಿಲ್ಲ. ಪಾಪ, ಅವನ ಬೆರಳಿಗೆ ಇನ್ನೂ ತಿಳಿಯುತ್ತಿರಲಿಲ್ಲ!

ಸಿಟ್ಟು ಮಾಡಬೇಕೋ, ಅಳಬೇಕೋ, ನಗಬೇಕೋ. ಮೂರೂ ಒಟ್ಟಿಗೆ ಬಂದವು.

"ಯಾರವನು?" ಅಮ್ಮಿ ಕೇಳಿದಳು.

"ಶಿಷ್ಯ," ಅಂದಳು ಜಾಹಿದಾ. ಮತ್ತೆ ಮೆಲ್ಲಗೆ, "ಗೊತ್ತಿಲ್ಲ ಅಮ್ಮಿ," ಅಂದಳು.

* * *

ಬೆಳಿಗ್ಗೆ ನೂರ್ ಒಲೆ ಖಾಲಿ ಇತ್ತು. "ಬಾಕಿ ಕೂಲಿ ಇಸ್ಕೊಂಡು ಯಲಹಂಕದ ಬಸ್ ಹತ್ತುತೀನಿ ಅಂತಿದ್ದ," ಎಂದಳು ಪಾಪಮ್ಮ. ಜಾಹಿದಾ ಬಾಗಿಲ ಕಡೆ ತಿರುಗಿದಳು. ಆದರೆ ಅಪ್ಪಯ್ಯಣ್ಣ ಆಗಲೇ ಗೂಟದ ಹತ್ತಿರ ಹೋಗಿ ಹಸಿರು ಉಂಡೆಗೆ ಕೈ ಹಾಕಿದ್ದರು.

"ಒಂದು ನಿಮಿಷ ಧಣಿ. ಆ ಎಂಟು ನನ್ನವಲ್ಲ. ನಂಬದಿದ್ರೆ ನನ್ನ ಕಣ್ಣು ಕಟ್ಟಿ. ಲಡಿಗಳ ದಾರ ಬಿಚ್ಚಿ, ಎಲ್ಲಾ ಕಲೆಸಿ ಮುಂದಿಡಿ. ಯಾವುದು ಯಾರದು ಅಂತ ಹೇಳ್ತೀನಿ. ಒಂದು ತಪ್ಪಿದ್ರೂ ನಾನೇ ಹಸಿರು ಇಳಿಸ್ತೀನಿ."

ಪಾಪಮ್ಮ ತನ್ನ ಸೆರಗನ್ನೇ ಅವಳ ಕಣ್ಣಿಗೆ ಕಟ್ಟಿದಳು. ಅಪ್ಪಯ್ಯಣ್ಣ ವಾಪಸ್ ಬಂದ ಎಂಟನ್ನೂ, ಈ ವಾರದ ಬುಟ್ಟಿಯಿಂದ ಕೆಲವನ್ನೂ ಸೇರಿಸಿ ಮುಂದಿಟ್ಟರು. ಯಾವುದನ್ನು ಎಲ್ಲಿಂದ ತೆಗೆದರೆಂದು ಅವರೊಬ್ಬರಿಗೇ ಗೊತ್ತು.

"ಇದು ನನ್ನದು. ಇದು ಪಾಪಕ್ಕಂದು, ಬಿಗಿ ಜಾಸ್ತಿ. ಇದು ನೂರ್ ಅಹಮದ್ ಅವರದು. ಇದೂ ಅವರದೇ..."

ಎಂಟೂ ಒಂದು ಕಡೆ ಬಿದ್ದವು. ಕೊನೆಗೆ ಇನ್ನೊಂದು ಲಡಿ ಉಳಿಯಿತು. ಅದರ ಮೇಲೆ ಅವಳ ಬೆರಳು ನಿಂತವು. ಮತ್ತೊಮ್ಮೆ ಎಳೆ ಓಡಿಸಿದಳು.

"ಇದೂ ಅವರದೇ ಧಣಿ. ಆದ್ರೆ ಇದು ಮೊನ್ನೆ ಬಿಚ್ಚಿದ್ದಿರಬೇಕು. ಎಲ್ಲೂ ತಡ ಆಗಿಲ್ಲ. ಈಗ ಅವರಿಗೆ ಕೈ ಬಂದಿದೆ."

ಅಪ್ಪಯ್ಯಣ್ಣ ಬೆರಗಾಗಿ, "ಒಂದೂ ತಪ್ಪಿಲ್ಲ ಕಣಮ್ಮಾ," ಅಂದರು. ತಕ್ಷಣ ಅವರ ಹುಬ್ಬು ಗಂಟಾಯಿತು. "ಹಂಗಾದ್ರೆ ಆ ನನ್ಮಗ ಮೋಸ ಮಾಡಿದ್ನಾ?"

"ಮೋಸ ಅಲ್ಲ. ತಪ್ಪು. ಅದರಿಂದ ನನಗೆ ಬಂದ ಇನಾಮು ನನ್ನ ಕೂಲೀಲಿ ಹಿಡ್ಕೊಳ್ಳಿ." ಜಾಹಿದಾ ಕಣ್ಣಿನ ಕಟ್ಟು ಬಿಚ್ಚಲಿಲ್ಲ. ಕಟ್ಟಿದ ಕಣ್ಣಿಗೆ ಧೈರ್ಯ ಹೆಚ್ಚು. "ನೀವು ಕೊಡಬೇಕಾದ್ದನ್ನ ಅವರು ಕೊಟ್ರು ಧಣಿ. ಕೊಡೋ ರೀತಿ ಗೊತ್ತಾಗಲಿಲ್ಲ, ಅಷ್ಟೇ."

ಅವಳು ಧಣಿಯ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಹೊಸಬರ ಕೂಲಿ ಇಳಿಸಿ ಅಂತ ನಾನು ಕೇಳ್ತಿಲ್ಲ. ಅವರಿಗೂ ಹೊಟ್ಟೆ ಇದೆ. ಆದ್ರೆ ನೀವು ಕೆಳಗಿನ ಮೆಟ್ಟಿಲು ಎತ್ತಿಬಿಟ್ರಿ, ಮೇಲಿನ ಮೆಟ್ಟಿಲು ಅಲ್ಲೇ ಬಿಟ್ರಿ. ಈಗ ಎರಡೂ ಒಂದೇ ಎತ್ತರ. ಆರು ವರ್ಷ ಹತ್ತಿದ್ದು ಎಲ್ಲಿ ಹೋಯ್ತು ಅಂತ ನಾನು ಯಾರನ್ನ ಕೇಳ್ಲಿ? ನಾಳೆ ಪಾಪಕ್ಕನೂ ಬಿಟ್ಟೋದ್ರೆ ಹೊಸಬರಿಗೆ ಕಲಿಸೋರ್ಯಾರು? ಎಂಟು ಲಡಿ ವಾಪಸ್ ಬಂತಲ್ಲ, ಅದರ ನಷ್ಟ ಎಷ್ಟಾಯ್ತು?"

ಅಪ್ಪಯ್ಯಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮುಖ ನೋಡಿದರೆ ಆ ಲೆಕ್ಕ ಅವರಿಗೆ ರುಚಿಸಿದಂತೆ ಕಾಣಲಿಲ್ಲ.

"ಏನ್ ಮಾಡು ಅಂತೀಯ?"

"ಹೊಸಬರ ಕೂಲಿ ಮೇಲೆ ದುಡಿದ ಒಂದೊಂದು ವರ್ಷಕ್ಕೂ ಅರ್ಧಾಣೆ. ಕಲಿಸೋ ಕೈಗೆ ಕಲಿಸೋವಷ್ಟು ದಿನ ಒಂದಾಣೆ."

"ಅರ್ಧ ಆಗಲ್ಲ. ವರ್ಷಕ್ಕೆ ಕಾಲಾಣೆ. ಕಲಿಸೋದಕ್ಕೆ ಒಂದಾಣೆ ಕೊಡ್ತೀನಿ. ಉಳಿದಿದ್ದು ಯುಗಾದಿಗೆ ನೋಡೋಣ."

"ಹೋದ ಸಲನೂ ನೋಡೋಣ ಅಂದ್ರಿ. ಈ ಸಲ ಬರೀರಿ ಧಣಿ."

ಪಾಪಮ್ಮ ಮೊದಲು ನಕ್ಕಳು. ಸಾಲಿಗೆ ಸಾಲೇ ನಕ್ಕಿತು. ಅಪ್ಪಯ್ಯಣ್ಣ ಗೊಣಗುತ್ತಲೇ ಹಸಿರು ಉಂಡೆಯಿಂದ ಕೈ ತೆಗೆದು ಪುಸ್ತಕ ತರಲು ಒಳಗೆ ಹೋದರು.

ಜಾಹಿದಾ ಕಟ್ಟು ಬಿಚ್ಚಿದಳು. ಬೆಳಕಿಗೆ ಕಣ್ಣು ಕಿರಿದಾಯಿತು. ಬಾಗಿಲಲ್ಲಿ ಯಾರೋ ನಿಂತಿದ್ದರು, ಹೆಗಲಿಗೆ ಬಟ್ಟೆಯ ಗಂಟು ಹಾಕಿಕೊಂಡು.

* * *

ಧಣಿ ನೂರ್‌ಗೆ ನಾಲ್ಕು ಮಾತು ಬಯ್ದು, ಬಾಕಿ ಕೂಲಿ ಕೊಟ್ಟು, ಮತ್ತೆ ಅವನ ಒಲೆಗೇ ಕೂರಿಸಿದರು. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಲು ಹೊರಗೆ ಹೋದರು. ಪಾಪಮ್ಮ ಮಾತ್ರ ಬಾಗಿಲಲ್ಲಿ ಕೂತಳು, ಬೇಕೆಂತಲೇ ಬೆನ್ನು ಹಾಕಿ.

"ಯಲಹಂಕಕ್ಕೆ ಹೋಗಲಿಲ್ವಾ? ಅಲ್ಲಿ ಹನ್ನೆರಡಾಣೆಯಂತೆ," ಅಂದಳು ಜಾಹಿದಾ.

"ಧಣಿ ಹತ್ರ ನಿಜ ಹೇಳಿ ಹೋಗೋಣ ಅಂತ ಬಂದೆ. ಬರೋಷ್ಟರಲ್ಲಿ ನೀವೇ ಹೇಳ್ತಿದ್ರಿ." ನೂರ್ ತಲೆ ತಗ್ಗಿಸಿದ. "ಉಸ್ತಾದರ ಪಾಲು ನೀವು ತಗೊಳ್ಳಲಿಲ್ಲ. ಯಾಕೆ ಅಂತ ಪಾಪಕ್ಕ ಹೇಳಿದ್ರು. ಅವತ್ತಿಂದ ನನಗೆ ಅನ್ನ ಇಳೀಲಿಲ್ಲ. ನಿಮ್ಮ ದುಡ್ಡು ನನ್ನ ಜೇಬಲ್ಲಿ ಇರೋ ಹಾಗೆ ಅನ್ನಿಸ್ತಿತ್ತು. ಒಳ್ಳೇದು ಮಾಡ್ತೀನಿ ಅಂತ ಹೋಗಿ ನಿಮ್ಮ ಹೆಸರೇ ಕೆಡಿಸಿಬಿಟ್ಟೆ."

"ನಿನ್ನೆ ನಾನೂ ಬಾಯಿಗೆ ಬಂದಿದ್ದು ಅಂದೆ. ಕಳ್ಳ ಅಂದೆ."

"ಅನ್ನಿ. ಕೇಳಿಸ್ಕೋತೀನಿ."

"ಇನ್ನು ಅನ್ನಲ್ಲ." ಅವಳು ಬುತ್ತಿಯ ಗಂಟಿಗೆ ಕೈ ಹಾಕಿದಳು. "ಆದ್ರೆ ಒಂದು ಮಾತು. ನನಗೆ ಏನೇ ಕೊಡೋದಿದ್ರೂ ಇನ್ನು ಮೇಲೆ ಕದ್ದು ಕೊಡಬೇಡಿ. ನನ್ನ ಕೇಳಿ ಕೊಡಿ."

ನೂರ್ ತನ್ನ ಬಟ್ಟೆಯ ಗಂಟನ್ನು ಗೋಡೆಯ ಪಕ್ಕಕ್ಕೆ ಸರಿಸಿಟ್ಟ. ಆಮೇಲೆ ಜೇಬಿನಿಂದ ಆ ದಿನ ಸಿಕ್ಕ ಬಾಕಿ ಕೂಲಿಯನ್ನೆಲ್ಲ ತೆಗೆದು ಅಂಗೈಯಲ್ಲಿ ಹಿಡಿದು ಚಾಚಿದ. ಬೆರಳ ತುದಿಗಳೆಲ್ಲ ಬೆಂದು ಬೆಳ್ಳಗಾಗಿದ್ದವು, ಥೇಟ್ ಅವಳ ಬೆರಳಿನಂತೆಯೇ.

"ಕೇಳ್ತಿದ್ದೀನಿ. ತಗೋತೀರಾ?"

ಜಾಹಿದಾ ಒಂದೇ ಒಂದು ಕಾಸು ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಬುತ್ತಿಯ ಪಕ್ಕದಿಂದ ನಿನ್ನೆ ಮನೆಗೆ ಒಯ್ದಿದ್ದ ಬಟ್ಟಲನ್ನು ತೆಗೆದು, ತಣ್ಣೀರು ತುಂಬಿ ಅವನ ಒಲೆಯ ಹತ್ತಿರ ಇಟ್ಟಳು.

"ಈಗ ಶಿಷ್ಯ ಅಂತ ಒಪ್ಪಿದ ಹಾಗೆ ತಾನೇ?"

"ಹೂಂ. ಒಪ್ಪಿದೆ."

"ಅಷ್ಟೇನಾ ಜಾಹಿದಾ?"

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು. ಬಾಗಿಲಲ್ಲಿದ್ದ ಬೆನ್ನು ನಗುವಿಗೆ ಕುಲುಕಿತು.

"ಉಳಿದಿದ್ದನ್ನ ಶುಕ್ರವಾರ ಮನೆಗೆ ಬಂದು ಅಮ್ಮಿ ಹತ್ರ ಕೇಳಿ," ಅಂದಳು. "ಅಮ್ಮಿಗೆ ಕಣ್ಣು ಮಂಜು. ಮುಖ ಕಾಣಲ್ಲ. ಬೆರಳು ಮುಟ್ಟಿ ನೋಡ್ತಾರೆ."

"ಮುಟ್ಟಿದ್ರೆ ಏನು ಗೊತ್ತಾಗುತ್ತೆ?"

"ನೀವು ತಡ ಮಾಡೋರೋ ಅಲ್ವೋ ಅಂತ."

"ಹಂಗಾದ್ರೆ ಶುಕ್ರವಾರದವರೆಗೂ ಯಾಕೆ?" ಅಂದ ನೂರ್. "ಇವತ್ತೇ ಬರ್ತೀನಿ."